ಡಾಕ್ಟರಮ್ಮನ ಕುಸಿಯುವ ಕಾರು

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಕಾರು ಮುಂಗಾಲು ಮಡಚಿ ಕೂತ ಎತ್ತಿನ ಹಾಗೆ ಎಡಕ್ಕೆ ಬಾಗಿಕೊಂಡಿತ್ತು. ಪಂಕ್ಚರ್ ಇರಬೇಕು ಎಂದುಕೊಂಡು ಬಗ್ಗಿ ನೋಡಿದೆ. ಟೈರು ಗಟ್ಟಿಯಾಗಿಯೇ ಇತ್ತು. ಮೇಲಿನ ಮಡ್‌ಗಾರ್ಡು ಮಾತ್ರ ಚಕ್ರದ ಮೇಲೆ ಕವುಚಿಕೊಂಡು, ನಡುವೆ ಬೆರಳು ತೂರಿಸಲೂ ಜಾಗವಿರಲಿಲ್ಲ. ಕೀ ತಿರುಗಿಸಿದೆ. ಕಾರಿನ ಹೊಟ್ಟೆಯೊಳಗೆಲ್ಲೋ ಜೇನುಹುಳು ಗುಂಯ್‌ಗುಟ್ಟಿದಂಥ ಸದ್ದು. ನಾನು ನೋಡನೋಡುತ್ತಿದ್ದಂತೆಯೇ ಕಾರು ತಾನಾಗಿ ಮೇಲೆದ್ದು ಸಮನಾಗಿ ನಿಂತುಬಿಟ್ಟಿತು.

ಹಿಂದಿನಿಂದ ಡಾಕ್ಟರಮ್ಮನ ದನಿ ಕೇಳಿಸಿತು. "ಏನಪ್ಪಾ, ಅದಕ್ಕೂ ಸೊಂಟ ನೋವಾ?"

ನಾನು ಮಾಗಡಿಯಲ್ಲಿ ಅವರ ನರ್ಸಿಂಗ್ ಹೋಮಿನ ಡ್ರೈವರ್ ಆಗಿದ್ದೆ. ಅವರು ಹೆರಿಗೆ ಡಾಕ್ಟರು. ಕನಕಪುರದಾಚೆ ಕೋಡಿಹಳ್ಳಿ ಕಡೆಯ ಒಕ್ಕಲು ಮನೆತನದವರು. ಹಳ್ಳಿಯ ಹೆಂಗಸರ ಜೊತೆ ಹಳ್ಳಿ ಮಾತಿನಲ್ಲೇ ಮಾತಾಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ತಪಾಸಣಾ ಶಿಬಿರಕ್ಕೆ ಹೊರಟ ಜೀಪು ಮಗುಚಿಕೊಂಡು ಅವರ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆಪರೇಷನ್ ಮಾಡಿ ಒಳಗೆ ಕಂಬಿ ಕೂಡಿಸಿದ್ದರು. ಆಪರೇಷನ್ ಮಾಡಿದ ಡಾಕ್ಟರು, ನರ್ಸಿಂಗ್ ಹೋಮಿನಲ್ಲೇ ಕೂತು ಕೆಲಸ ಮಾಡಿ, ಊರೂರು ತಿರುಗುವುದನ್ನು ಬಿಟ್ಟುಬಿಡಿ ಎಂದಿದ್ದರಂತೆ. ಇವರು ಬಿಟ್ಟಿರಲಿಲ್ಲ. ಮಂಗಳವಾರ ಸೋಲೂರಿನ ಕ್ಲಿನಿಕ್ಕು, ತಿಂಗಳಿಗೊಮ್ಮೆ ಕೋಡಿಹಳ್ಳಿ, ನಡುವೆ ಯಾವ ಹಳ್ಳಿಯಿಂದ ಕರೆ ಬಂದರೆ ಆ ಹಳ್ಳಿ.

ಆಗ ಬಿಡದಿ ಸುತ್ತಮುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಜಲ್ಲಿ, ಮರಳು, ಕಬ್ಬಿಣ ಹೊತ್ತ ಲಾರಿಗಳು ಓಡಾಡಿ ನಮ್ಮ ಕಡೆಯ ರಸ್ತೆಗಳೆಲ್ಲ ಉಳುಮೆ ಮಾಡಿದ ಹೊಲದಂತಾಗಿದ್ದವು. ಹಳೆಯ ಗಾಡಿಯಲ್ಲಿ ಸೋಲೂರಿಗೆ ಹೋಗಿಬಂದ ದಿನ ಡಾಕ್ಟರಮ್ಮ ಕೆಳಗಿಳಿಯುವಾಗ ಬಾಗಿಲನ್ನು ಹಿಡಿದುಕೊಂಡು ಒಂದಷ್ಟು ಹೊತ್ತು ಹಾಗೇ ನಿಂತಿರುತ್ತಿದ್ದರು. ಮುಖದಲ್ಲಿ ಏನನ್ನೂ ತೋರಿಸುತ್ತಿರಲಿಲ್ಲ. ಬೆರಳುಗಳು ಮಾತ್ರ ಬಿಳಿಚಿಕೊಂಡಿರುತ್ತಿದ್ದವು.

ಆ ಕಾರಣಕ್ಕೇ ಈ ಕಾರು ಬಂತು. ಕಾರ್ಖಾನೆಯೊಂದರ ವಿದೇಶಿ ಅಧಿಕಾರಿಯೊಬ್ಬರು ತಮ್ಮ ದೇಶಕ್ಕೆ ವಾಪಸ್ಸಾಗುವಾಗ ಶೋರೂಮಿಗೆ ಕೊಟ್ಟುಹೋಗಿದ್ದ ದೊಡ್ಡ ಕಾರು. ಮೈಸೂರು ರಸ್ತೆಯ ಆ ಶೋರೂಮಿನವರು ಅದನ್ನು ಉಜ್ಜಿ ತೊಳೆದು, ಎಲ್ಲ ತಪಾಸಣೆ ಆಗಿದೆ ಎಂದು ಹೇಳಿ ಮಾರಿದರು. ಅದಕ್ಕೆ ಸ್ಪ್ರಿಂಗ್ ಪ್ಲೇಟುಗಳಿರಲಿಲ್ಲ. ನಾಲ್ಕು ಚಕ್ರದ ಮೇಲೂ ಗಾಳಿ ತುಂಬಿದ ರಬ್ಬರು ಚೀಲ. ಆ ಚೀಲಗಳ ಮೇಲೆಯೇ ಇಡೀ ಕಾರು ಕೂತಿರುತ್ತಿತ್ತು. ಗಾಳಿ ಕಡಿಮೆಯಾದರೆ ತುಂಬಿಸಲು ಒಂದು ಕಂಪ್ರೆಸರ್. ಮೊದಲ ಸಲ ಸೋಲೂರಿಗೆ ಹೋಗಿಬಂದಾಗ ಡಾಕ್ಟರಮ್ಮ ಬಾಗಿಲು ತೆಗೆದು ಸೀದಾ ಇಳಿದು ನಡೆದೇಬಿಟ್ಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಕಾರನ್ನು ನೋಡಿ, "ಲೇ, ನೋವೇ ಇಲ್ಲ ಕಣೋ" ಎಂದರು. ಡ್ರೈವರ್ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಆ ಕಾರು ಈಗ ಕುಸಿಯತೊಡಗಿತ್ತು.

ಮೊದಲ ಸಲ ಶೋರೂಮಿನ ವರ್ಕ್‌ಶಾಪಿಗೆ ಹೋದಾಗ ಗಾಜಿನ ಬಾಗಿಲು ತೆಗೆದು ನಮಸ್ಕಾರ ಮಾಡಿ ಒಳಗೆ ಕರೆದರು. ಟೈ ಕಟ್ಟಿಕೊಂಡಿದ್ದ ಸರ್ವಿಸ್ ಅಡ್ವೈಸರ್ ಗಾಡಿ ನಂಬರನ್ನು ಕಂಪ್ಯೂಟರಿಗೆ ಹಾಕಿ ನೋಡಿದ. ಅವನ ಮುಖದಲ್ಲಿದ್ದ ನಗು ಅರ್ಧಕ್ಕೆ ಇಳಿಯಿತು.

"ಸೆಕೆಂಡ್ ಓನರ್ ಅಲ್ವಾ ಮೇಡಂ?"

"ಹೌದು. ನಿಮ್ಮಲ್ಲೇ ತಗೊಂಡಿದ್ದು," ಎಂದರು ಡಾಕ್ಟರಮ್ಮ.

ಕಾಫಿ ಬರಲಿಲ್ಲ. ಸೋಫಾ ಇದ್ದ ಕೋಣೆ ಹೊಸ ಕಾರಿನವರಿಗಂತೆ. ನಮಗೆ ಕ್ಯಾಷ್ ಕೌಂಟರಿನ ಎದುರು ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಮಧ್ಯಾಹ್ನ ಅಡ್ವೈಸರ್ ಬಂದು ಕಂಪ್ರೆಸರ್ ವೀಕಾಗಿದೆ ಎಂದ. ಕಂಪ್ಯೂಟರ್ ಹಾಗೇ ತೋರಿಸುತ್ತಿದೆ, ಬದಲಾಯಿಸಬೇಕು, ಈ ಗಾಳಿ ವ್ಯವಸ್ಥೆ ಗ್ಯಾರಂಟಿಗೆ ಸೇರುವುದಿಲ್ಲ.

"ಕಂಪ್ರೆಸರ್ ಯಾಕೆ ವೀಕಾಯ್ತು?" ಡಾಕ್ಟರಮ್ಮ ಕೇಳಿದರು.

"ಹಳೇ ಗಾಡಿ ಅಲ್ವಾ ಮೇಡಂ."

ಅವರು ಅವನ ಮುಖವನ್ನೇ ನೋಡಿದರು. ಇನ್ನೊಂದು ಪ್ರಶ್ನೆ ಬಾಯಿಗೆ ಬಂದಿತ್ತು ಎಂದು ನನಗನ್ನಿಸಿತು. ಆದರೆ ವಾರ್ಡಿನಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ ಎಂದು ಫೋನ್ ಬಂತು. "ಹಾಕಿ" ಎಂದರು.

ಹೊಸ ಕಂಪ್ರೆಸರ್ ಹಾಕಿದ ಮೇಲೆ ಕಾರು ಒಂದಷ್ಟು ದಿನ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಎಡ ಮುಂಗಾಲು ಮಡಚಿತ್ತು. ಎರಡನೇ ಸಲ ಹೋದಾಗ ಅದೇ ಅಡ್ವೈಸರ್ ಕಾರಿನ ಕೆಳಗೆ ಅಂಟಿದ್ದ ಕೆಂಪು ಮಣ್ಣನ್ನು ಬೆರಳಲ್ಲಿ ಕೆರೆದು ತೋರಿಸಿದ.

"ಮೇಡಂ, ಇಂಥ ಗಾಡೀನ ಹಳ್ಳಿ ರೋಡಲ್ಲಿ ಓಡಿಸ್ತಾರಾ? ಇದು ಹೈವೇ ಗಾಡಿ."

ನನಗೆ ರೇಗಿಹೋಯಿತು. "ಏನ್ ಸಾರ್, ಮಾರೋವಾಗ ಎಂಥಾ ರೋಡಿಗಾದ್ರೂ ಆಯ್ತದೆ ಅಂದ್ರಿ. ಈಗ ನೋಡಿದ್ರೆ ರೋಡ್ ಸರಿ ಇಲ್ಲ ಅಂತೀರಾ?" ಎಂದೆ. ನನ್ನ ದನಿ ಆ ಗಾಜಿನ ಮನೆಯೊಳಗೆ ಜೋರಾಗಿಯೇ ಕೇಳಿಸಿರಬೇಕು, ಒಂದಿಬ್ಬರು ತಿರುಗಿ ನೋಡಿದರು. ಡಾಕ್ಟರಮ್ಮ ನನ್ನ ತೋಳು ಮುಟ್ಟಿ ಸುಮ್ಮನಾಗಿಸಿದರು. ಅಡ್ವೈಸರಿಗೆ ಇಷ್ಟೇ ಹೇಳಿದರು: "ನನ್ನ ಪೇಷೆಂಟ್‌ಗಳು ಹೈವೇಲಿ ಇಲ್ಲಪ್ಪ."

ಆ ಸಲವೂ ಕಂಪ್ರೆಸರ್ ಬದಲಾಯಿತು. ಹಿಂದೆ ಹಾಕಿದ್ದೇ ಸುಟ್ಟುಹೋಗಿದ್ದರಿಂದ ಪುಕ್ಕಟೆ ಹಾಕಿಕೊಟ್ಟರು. ಹಾಕಿಕೊಟ್ಟದ್ದನ್ನೇ ದೊಡ್ಡ ಉಪಕಾರದಂತೆ ಹೇಳಿದರು. ಅದು ಯಾಕೆ ಸುಟ್ಟಿತು ಎಂದು ಡಾಕ್ಟರಮ್ಮ ಮತ್ತೆ ಕೇಳಿದರು. ಅಡ್ವೈಸರ್ ಸಹಿ ಹಾಕಿ ಎಂದು ಕಾಗದ ಮುಂದಿಟ್ಟ.

ಆಮೇಲೆ ಆದದ್ದನ್ನು ನಾನು ಇನ್ನೂ ಮರೆತಿಲ್ಲ.

ಸಾವನದುರ್ಗದ ಮಗ್ಗುಲಿನ ಒಂದು ಹಳ್ಳಿಯಿಂದ ನಸುಕಿನಲ್ಲೇ ದಾದಿ ಫೋನ್ ಮಾಡಿದ್ದಳು. ಮನೆಯಲ್ಲೇ ಹೆರಿಗೆ ಆಗಿದೆ, ಮಗು ಚೆನ್ನಾಗಿದೆ, ಆದರೆ ಮಾಸು ಬಿದ್ದಿಲ್ಲ, ರಕ್ತ ನಿಲ್ಲುತ್ತಿಲ್ಲ ಎಂದಳು. ನರ್ಸಿಂಗ್ ಹೋಮಿನ ಹಳೆಯ ವ್ಯಾನು ಬೇರೊಬ್ಬ ಬಾಣಂತಿಯನ್ನು ಬಿಡಲು ನೆಲಮಂಗಲದ ಕಡೆ ಹೋಗಿತ್ತು. ನಾವು ಕಾರಿನಲ್ಲೇ ಹೊರಟೆವು. ಕಾಡಿನ ತಿರುವುಗಳನ್ನು ದಾಟಿ ಹಳ್ಳಿಯ ದಾರಿಗೆ ಹೊರಳುವಾಗ ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಕಂಪ್ರೆಸರಿನ ಸದ್ದು ನಿಂತಿತು. ಮುಂಭಾಗ ಮೆಲ್ಲಗೆ ಕೆಳಗಿಳಿದು, ಟೈರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟ ರಬ್ಬರಿನ ವಾಸನೆ ಬಂತು. ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ.

ಡಾಕ್ಟರಮ್ಮ ಬ್ಯಾಗು ಹಿಡಿದು ಇಳಿದು ನಡೆಯತೊಡಗಿದರು. ಬ್ಯಾಗು ನನ್ನ ಕೈಗೆ ಕೊಡಿ ಎಂದು ನಾನು ಹಿಂದೆ ಓಡಿದೆ. ಆ ಹೊತ್ತಿಗೆ ಡೇರಿಯ ಹಾಲಿನ ಗಾಡಿ ಎದುರು ಬಂತು. ಓಡಿಸುತ್ತಿದ್ದವನು ನನ್ನ ವಯಸ್ಸಿನವನೇ. ವಿಷಯ ಕೇಳಿದವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಕ್ಯಾನ್ ಇಳ್ಸಲಾ! ಹಾಲು ಕೆಟ್ರೆ ಕೆಡ್ಲಿ. ಹತ್ತಿ ಅಮ್ಮ, ಹತ್ತಿ," ಎಂದ.

ಇಬ್ಬರೂ ಸೇರಿ ಕ್ಯಾನುಗಳನ್ನು ರಸ್ತೆ ಪಕ್ಕದ ಹುಣಸೇಮರದ ಕೆಳಗೆ ಇಳಿಸಿದೆವು. ಡಾಕ್ಟರಮ್ಮ ಹಾಲಿನ ಗಾಡಿಯಲ್ಲಿ ಹಳ್ಳಿ ತಲುಪಿ, ಮಾಸನ್ನು ತಮ್ಮ ಕೈಯಿಂದಲೇ ತೆಗೆದು, ಸೂಜಿ ಹಾಕಿ, ಅದೇ ಗಾಡಿಯ ಹಿಂಭಾಗದಲ್ಲಿ ಬಾಣಂತಿಯನ್ನು ಮಲಗಿಸಿಕೊಂಡು ಬಂದರು. ದಾರಿಯುದ್ದಕ್ಕೂ ತಗಡಿನ ಮೇಲೆ ಮಂಡಿಯೂರಿ ಕೂತು, ಒಂದು ಕೈಯಿಂದ ಆ ಹೆಂಗಸಿನ ಹೊಟ್ಟೆಯನ್ನು ಒತ್ತಿ ಹಿಡಿದಿದ್ದರು. ಗಾಡಿ ಹಾರಿದಾಗಲೂ ಆ ಕೈ ತೆಗೆಯಲಿಲ್ಲ. ತಾಯಿ ಬದುಕಿದಳು. ಡಾಕ್ಟರಮ್ಮ ಮಾತ್ರ ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಲಾಗದೆ ಅಲ್ಲೇ ಕೂತರು. ಆಮೇಲೆ ಹಲವು ದಿನ ಮಲಗಿದ್ದಲ್ಲೇ ಇದ್ದರು.

ಕಾರನ್ನು ಶೋರೂಮಿನವರು ಲಾರಿಯ ಮೇಲೆ ಹೇರಿಕೊಂಡು ಹೋದರು. ಈ ಸಲ ಅಡ್ವೈಸರ್ ಬದಲು ವರ್ಕ್‌ಶಾಪ್ ಮ್ಯಾನೇಜರೇ ಫೋನ್ ಮಾಡಿದರು. ಕಂಪ್ರೆಸರ್ ಮತ್ತೆ ಹೋಗಿದೆ, ಈಗ ನಾಲ್ಕೂ ಗಾಳಿ ಚೀಲದ ಸೆಟ್ಟು ಮತ್ತು ಕಂಪ್ರೆಸರ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು, ಇಲ್ಲದಿದ್ದರೆ ಈ ಕಾರನ್ನು ನಮಗೇ ಕೊಟ್ಟು ಹೊಸದು ತೆಗೆದುಕೊಳ್ಳಿ, ಎಂಬುದು ಅವರ ಸಲಹೆ.

ಅದೇ ದಿನ ಡಾಕ್ಟರಮ್ಮನನ್ನು ನೋಡಲು ಒಬ್ಬರು ಬಂದಿದ್ದರು. ಆ ಭಾಗದ ರಾಜಕೀಯದಲ್ಲಿ ಹೆಸರಿದ್ದ ಮನೆತನದವರು. ಅವರ ಮನೆಯ ಸೊಸೆಯರ ಹೆರಿಗೆಗಳೆಲ್ಲ ಇವರ ಕೈಯಲ್ಲೇ ಆಗಿದ್ದವು. ಕಥೆಯೆಲ್ಲ ಕೇಳಿ ಅವರು ಜೇಬಿನಿಂದ ಮೊಬೈಲ್ ತೆಗೆದರು.

"ಡಾಕ್ಟ್ರೇ, ಒಂದ್ ಫೋನ್ ಹಾಕ್ತೀನಿ. ಆ ಮ್ಯಾನೇಜರು ನಾಳೆ ನಿಮ್ಮನೆ ಬಾಗ್ಲಲ್ಲಿ ಕೈ ಕಟ್ಕಂಡ್ ನಿಂತಿರ್ತಾನೆ, ನೋಡ್ತಿರಿ."

"ಬೇಡಣ್ಣ," ಎಂದರು ಡಾಕ್ಟರಮ್ಮ, ಮಲಗಿದ್ದಲ್ಲಿಂದಲೇ. "ಅವನು ಕೈ ಕಟ್ಕೊಂಡ್ ನಿಂತ್ರೆ ನನ್ನ ಕಾರು ನೆಟ್ಟಗೆ ನಿಲ್ಲುತ್ತಾ? ಅವನು ಹೆದರ್ಕೊಂಡು ಇನ್ನೊಂದು ಸಾಮಾನು ಹಾಕ್ತಾನೆ, ಅಷ್ಟೇ."

ಬಂದವರು ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅಲ್ಲ ಅಮ್ಮ, ನಿಮ್ಗೆ ಇಷ್ಟೆಲ್ಲ ಆಗೈತೆ. ಅವ್ರಿಗೆ ಒಸಿ ಬಿಸಿ ಮುಟ್ಟಿಸೋದ್ ಬ್ಯಾಡ್ವಾ?" ಎಂದು ಕೇಳಿದೆ.

ಅವರು ಮಲಗಿದ್ದಲ್ಲೇ ನನ್ನ ಕಡೆ ತಿರುಗಿದರು. "ಹೊಟ್ಟೆ ನೋವು ಅಂತ ಒಬ್ಬಳು ಬರ್ತಾಳೆ ಅಂದ್ಕೊ. ಯಾಕೆ ನೋವು ಅಂತ ಗೊತ್ತಾಗದೆ ನಾನು ಹೊಟ್ಟೆ ಕುಯ್ಯಲ್ಲ. ಅವಳ ಗಂಡ ಬೈದ್ರೂ ಕುಯ್ಯಲ್ಲ, ಕಾಲಿಗೆ ಬಿದ್ರೂ ಕುಯ್ಯಲ್ಲ. ಇವರು ಯಾಕೆ ಅಂತ ಕೇಳದೆ ಎರಡು ಸಲ ಕುಯ್ದವ್ರೆ. ಮೂರನೇ ಸಲ ಕುಯ್ಯೋಕೆ ನಾನು ಬಿಡಲ್ಲ. ನಾನೇ ಹೋಗಿ ಕೂತ್ಕೋತೀನಿ. ಕಾರಣ ಸಿಗೋವರೆಗೂ ಏನೂ ಬದಲಾಯಿಸೋದು ಬೇಡ."

ಎದ್ದು ಓಡಾಡುವಂತಾದ ಕೂಡಲೇ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿಕೊಂಡು ಹೊರಟರು. ವ್ಯಾನಿನ ಹಿಂದಿನ ಸೀಟು ಬಿಚ್ಚಿ ಹತ್ತಿಯ ಹಾಸಿಗೆ ಹಾಸಿದ್ದೆ. ಅದರ ಮೇಲೆ ಮಲಗಿಕೊಂಡೇ ಮೈಸೂರು ರಸ್ತೆಯವರೆಗೂ ಬಂದರು.

ಮ್ಯಾನೇಜರು ನಡುವಯಸ್ಸಿನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡೆರಡು ಮೊಬೈಲು. ಮಾತು ನಯವಾಗಿತ್ತು, ಅವಸರದ್ದೂ ಆಗಿತ್ತು. "ಮೇಡಂ, ನಮ್ಮವರು ಗಾಡೀನ ಲಿಫ್ಟಿಗೆ ಹಾಕಿ ನಾಲ್ಕೂ ಕಡೆ ಸೋಪಿನ ನೀರು ಹೊಡೆದು ನೋಡಿದ್ದಾರೆ. ಗಾಳಿ ಸೋರಿದ್ರೆ ಗುಳ್ಳೆ ಬರಬೇಕು. ಎಲ್ಲೂ ಬಂದಿಲ್ಲ. ಅದಕ್ಕೇ ಎಲ್ಲಾ ಬದಲಾಯಿಸೋಣ ಅಂದಿದ್ದು," ಎಂದರು.

"ಆ ಪರೀಕ್ಷೆ ನನ್ನೆದುರಿಗೆ ಇನ್ನೊಂದು ಸಲ ಮಾಡ್ತೀರಾ?"

ಮ್ಯಾನೇಜರು ಗಡಿಯಾರ ನೋಡಿದರು. ಡಾಕ್ಟರಮ್ಮ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದರು. ಕೊನೆಗೆ ಮ್ಯಾನೇಜರು ಹಿರಿಯ ಟೆಕ್ನೀಷಿಯನ್ ಒಬ್ಬರನ್ನು ಕರೆದರು. ಚನ್ನಪಟ್ಟಣದವರು, ಡಿಪ್ಲೊಮಾ ಓದಿ, ಕಂಪನಿಯವರ ತರಬೇತಿಯನ್ನೂ ಮುಗಿಸಿದವರು. ನಮ್ಮ ಕಾರು ಆವರೆಗೂ ಅವರ ಕೈಗೆ ಹೋಗಿರಲಿಲ್ಲ. ಅವರನ್ನು ಹೊಸ ಕಾರುಗಳ ವಿಭಾಗಕ್ಕೆ ಹಾಕಿದ್ದರು.

ಟೆಕ್ನೀಷಿಯನ್ ಮೊದಲು ಹೊಸ ಕಂಪ್ರೆಸರೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ಗಾಳಿ ತುಂಬಿಸಿದರು. ಆಮೇಲೆ ಕಾರನ್ನು ಎರಡು ಕಂಬದ ಲಿಫ್ಟಿನಲ್ಲಿ ಮೇಲಕ್ಕೆತ್ತಿದರು. ನಾಲ್ಕೂ ಚಕ್ರ ಗಾಳಿಯಲ್ಲಿ ಜೋತುಬಿದ್ದವು. ಚೀಲಗಳ ಮೇಲೆ, ಗಾಳಿ ಪೈಪುಗಳ ಮೇಲೆ, ಜೋಡಣೆಯ ತಿರುಪುಗಳ ಮೇಲೆ ಸೋಪಿನ ನೀರು ಸಿಂಪಡಿಸಿದರು. ಎಲ್ಲರೂ ಕತ್ತೆತ್ತಿ ನೋಡಿದೆವು. ಒಂದು ಗುಳ್ಳೆಯೂ ಇಲ್ಲ.

"ನೋಡಿ ಮೇಡಂ," ಎಂದರು ಮ್ಯಾನೇಜರು.

ಡಾಕ್ಟರಮ್ಮ ಮಾತ್ರ ಮೇಲೆ ತೂಗುತ್ತಿದ್ದ ಕಾರನ್ನು, ಅದರ ಇಳಿಬಿದ್ದ ಕಾಲುಗಳನ್ನು ದಿಟ್ಟಿಸುತ್ತಿದ್ದರು.

"ಈಗ ಈ ಚೀಲದ ಮೇಲೆ ಕಾರಿನ ಭಾರ ಇದೆಯಾ?" ಎಂದು ಕೇಳಿದರು.

"ಇಲ್ಲ ಮೇಡಂ. ಭಾರ ಎಲ್ಲಾ ಲಿಫ್ಟಿನ ತೋಳಿನ ಮೇಲಿದೆ," ಎಂದರು ಟೆಕ್ನೀಷಿಯನ್.

"ಚಕ್ರ ಜೋತುಬಿದ್ದಾಗ ಚೀಲ ಉದ್ದ ಆಗುತ್ತೆ ಅಲ್ವಾ? ನೆಲದ ಮೇಲೆ ನಿಂತಾಗ ಮಡಚಿಕೊಳ್ಳುತ್ತೆ?"

"ಹೌದು. ಕೆಳಗಡೆ ರಬ್ಬರು ಒಳಕ್ಕೆ ಮಡಚಿಕೊಳ್ಳುತ್ತೆ."

"ನನ್ನ ಬೆನ್ನು ನೋಡಿ," ಎಂದರು ಡಾಕ್ಟರಮ್ಮ. "ಮಲಗಿಸಿ ಪರೀಕ್ಷೆ ಮಾಡಿದ್ರೆ ಏನೂ ಇಲ್ಲ. ನಿಂತ್ರೆ ನೋವು. ಕಾರು ಕುಸಿಯೋದು ನಿಂತಾಗ. ನೀವು ಅದನ್ನ ಎತ್ತಿಕೊಂಡು ಪರೀಕ್ಷೆ ಮಾಡ್ತಿದ್ದೀರ."

ಟೆಕ್ನೀಷಿಯನ್ ಕೈಯೊರೆಸಿಕೊಂಡು ಒಂದು ಕ್ಷಣ ಚೀಲವನ್ನೇ ನೋಡಿದರು. ಆಮೇಲೆ ಅವರ ಮುಖ ಅರಳಿತು. ತಪ್ಪು ಹಿಡಿದರು ಎಂಬ ಮುಜುಗರ ಅಲ್ಲಿರಲಿಲ್ಲ. ಬಹಳ ದಿನದಿಂದ ಬಿಡಿಸಲಾಗದ ಗಂಟಿನ ಎಳೆ ಕೈಗೆ ಸಿಕ್ಕವನ ಖುಷಿ ಅದು. "ಸಾರ್," ಎಂದರು ಮ್ಯಾನೇಜರ್ ಕಡೆ ತಿರುಗಿ, "ಮಡಿಕೆಯೊಳಗೆ ಬಿರುಕು ಇದ್ರೆ ಹಿಂಗೆ ಎಳೆದಾಗ ಮುಚ್ಕೊಂಡಿರುತ್ತೆ. ಅಲೈನ್‌ಮೆಂಟ್ ರ‍್ಯಾಂಪಿಗೆ ಹಾಕೋಣ. ಅಲ್ಲಿ ಗಾಡಿ ಚಕ್ರದ ಮೇಲೇ ನಿಂತಿರುತ್ತೆ, ಕೆಳಗಿಂದ ನೋಡಬಹುದು."

ಆ ರ‍್ಯಾಂಪಿನ ಮೇಲೆ ಆಗ ಬೇರೊಂದು ಕಾರಿತ್ತು, ಅದರ ಹಿಂದೆ ಇನ್ನೊಂದು ಕಾಯುತ್ತಿತ್ತು. ನಾಳೆ ನೋಡೋಣ ಎಂದರು ಮ್ಯಾನೇಜರು. "ಅವರದ್ದು ಮುಗೀಲಿ, ಕಾಯ್ತೀನಿ," ಎಂದರು ಡಾಕ್ಟರಮ್ಮ. ಕುರ್ಚಿಯಲ್ಲಿ ತುಂಬ ಹೊತ್ತು ಕೂರಲು ಅವರಿಗಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂರುವರು, ಎದ್ದು ಗೋಡೆ ಹಿಡಿದು ನಿಲ್ಲುವರು, ವ್ಯಾನಿಗೆ ಹೋಗಿ ಬೆನ್ನು ಚಾಚಿ ಬರುವರು. ನಡುನಡುವೆ ಫೋನಿನಲ್ಲಿ ವಾರ್ಡಿನ ನರ್ಸಿಗೆ ಹೇಳಬೇಕಾದ್ದನ್ನು ಹೇಳುತ್ತಿದ್ದರು. ಒಂದು ಸಲವೂ ಅವರ ದನಿ ಏರಲಿಲ್ಲ. ಅಡ್ವೈಸರ್ ಎರಡು ಮೂರು ಸಲ ಅತ್ತಿಂದಿತ್ತ ಹಾದುಹೋದವನು ಕೊನೆಗೆ ಸೋಫಾದ ಕೋಣೆಯ ಬಾಗಿಲು ತೆಗೆದು, "ಇಲ್ಲಿ ಮಲಕ್ಕೊಳ್ಳಿ ಮೇಡಂ, ಯಾರೂ ಇಲ್ಲ," ಎಂದ. ಅವರು ನಕ್ಕು, "ಥ್ಯಾಂಕ್ಸ್ ಕಣಪ್ಪ," ಎಂದು ಹೋಗಿ ಮಲಗಿದರು.

ಸಂಜೆಯ ಹೊತ್ತಿಗೆ ರ‍್ಯಾಂಪು ಖಾಲಿಯಾಯಿತು. ಕಾರನ್ನು ಹತ್ತಿಸಿ, ಅದರ ಕಾಲಿನ ಮೇಲೆ ಅದೇ ನಿಲ್ಲುವ ಹಾಗೆ ಬಿಟ್ಟು, ಟೆಕ್ನೀಷಿಯನ್ ಕೆಳಗೆ ಹೋಗಿ ಮಡಿಕೆಯೊಳಕ್ಕೆ ಸೋಪಿನ ನೀರು ಹೊಡೆದರು. ಮೊದಲಿಗೆ ಏನೂ ಕಾಣಿಸಲಿಲ್ಲ. ಬಲಗಡೆ ನೋಡಿದರು, ಹಿಂದೆ ನೋಡಿದರು. ಮ್ಯಾನೇಜರು ಮತ್ತೆ ಗಡಿಯಾರ ನೋಡಿದರು. ಟೆಕ್ನೀಷಿಯನ್ ಮಾತ್ರ ಬಿಡಲಿಲ್ಲ. ಎಡ ಮುಂಭಾಗದ ಚೀಲಕ್ಕೆ ಮುಚ್ಚಿದ್ದ ಪ್ಲಾಸ್ಟಿಕ್ ಕವಚವನ್ನು ಬಿಚ್ಚತೊಡಗಿದರು. ಅದು ಒಂದು ಕಡೆ ಸೀಳಿತ್ತು. ಸೀಳಿನೊಳಗೆ ಒಣಗಿ ಕಲ್ಲಾಗಿದ್ದ ಮಣ್ಣು ತುಂಬಿತ್ತು. ಮಣ್ಣು ಬಿಡಿಸಿ ಮತ್ತೆ ನೀರು ಹೊಡೆದು, ಟಾರ್ಚು ಹಿಡಿದು ಉಸಿರು ಬಿಗಿಹಿಡಿದು ಕಾದರು.

"ಬನ್ನಿ ಅಮ್ಮ, ನೋಡಿ," ಎಂದರು ಸಣ್ಣ ದನಿಯಲ್ಲಿ. ಡಾಕ್ಟರಮ್ಮನನ್ನು ಅವರು ಅಮ್ಮ ಎಂದದ್ದು ಅದೇ ಮೊದಲು.

ಮಡಿಕೆಯ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ನೀರಿನಡಿಯ ಮೀನೊಂದು ಉಸಿರು ಬಿಟ್ಟಂತೆ. ಅಷ್ಟು ಸಣ್ಣ ಬಿರುಕು. ಅದರಿಂದ ರಾತ್ರಿಯಿಡೀ ಗಾಳಿ ಸೋರುತ್ತಿತ್ತು. ಹಗಲಿಡೀ ಕಂಪ್ರೆಸರ್ ಬಿಡುವಿಲ್ಲದೆ ಗಾಳಿ ತುಂಬಿಸಿ ತುಂಬಿಸಿ ಕಾದು ಸುಟ್ಟುಹೋಗುತ್ತಿತ್ತು. ಕೆಟ್ಟದ್ದು ಕಂಪ್ರೆಸರ್ ಅಲ್ಲ. ಅದು ದುಡಿದು ಸತ್ತದ್ದು.

"ಈ ಪೆಟ್ಟು ಯಾವಾಗಿನದು?" ಮ್ಯಾನೇಜರು ಕೇಳಿದರು.

ಟೆಕ್ನೀಷಿಯನ್ನಿಗೆ ಹಳ್ಳಿ ರಸ್ತೆಯ ಪೆಟ್ಟು ಎಂದುಬಿಡುವುದು ಸುಲಭವಿತ್ತು. ಅವರು ಒಣಮಣ್ಣನ್ನು ಅಂಗೈಯಲ್ಲಿ ಹಿಡಿದು, "ಹಳೇದು ಸಾರ್. ಇದು ಬೂದು ಜೇಡಿ. ಇವರ ಕಡೆಯದು ಕೆಂಪು ಮಣ್ಣು, ಅದು ಮೇಲಿನ ಪದರದಲ್ಲಿದೆ. ನಾವು ಮಾರೋಕೆ ಮುಂಚೇನೆ ಏನಕ್ಕೋ ತಗುಲಿದೆ. ಕವಚ ಬಿಚ್ಚಿ ನೋಡಿದ್ರೆ ಆವತ್ತೇ ಕಾಣಿಸ್ತಿತ್ತು," ಎಂದರು.

ಈಗ ಮ್ಯಾನೇಜರು ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ. ಅವರು ಎರಡೂ ಮೊಬೈಲುಗಳನ್ನು ಬೆಂಚಿನ ಮೇಲಿಟ್ಟರು. ಬಿಳಿ ಅಂಗಿಯ ತೋಳು ಮಡಚಿ, ಟಾರ್ಚು ಇಸಿದುಕೊಂಡು ಕಾರಿನ ಕೆಳಗೆ ಬಗ್ಗಿದರು. ಬಹಳ ಹೊತ್ತು ಅಲ್ಲೇ ಇದ್ದರು. ಹೊರಬಂದಾಗ ಅಂಗಿಯ ಮೇಲೆ ಸೋಪಿನ ನೀರೂ ಮಣ್ಣೂ ಕಲಸಿಕೊಂಡಿದ್ದವು.

"ಮೇಡಂ, ತಪ್ಪು ನಮ್ಮದು," ಎಂದರು. ಅಡ್ವೈಸರ್, ಟೆಕ್ನೀಷಿಯನ್, ಕೆಲಸ ನಿಲ್ಲಿಸಿ ನೋಡುತ್ತಿದ್ದ ಉಳಿದವರು, ಎಲ್ಲರೂ ಕೇಳಿಸಿಕೊಳ್ಳುವಂತೆಯೇ ಹೇಳಿದರು. "ಮಾರೋವಾಗ ಸರಿಯಾಗಿ ನೋಡಿಲ್ಲ. ಆಮೇಲೂ ನೋಡಿಲ್ಲ. ಇದರದ್ದೆಲ್ಲ ನಾವೇ ನೋಡ್ಕೋತೀವಿ."

ಆವರೆಗೂ ಅವರ ಮೇಲಿದ್ದ ನನ್ನ ಸಿಟ್ಟು ಆ ಕ್ಷಣ ಎಲ್ಲಿ ಹೋಯಿತೋ. ತನ್ನ ಕೈಕೆಳಗಿನವರ ಎದುರು ಹಾಗೆ ಹೇಳುವುದು ಸುಲಭವಲ್ಲ. ಡಾಕ್ಟರಮ್ಮ ಗೆದ್ದವರ ಮುಖ ಮಾಡಲಿಲ್ಲ. "ಕಾರಣ ಸಿಕ್ತಲ್ಲ, ಸಾಕು. ನಮ್ಮಲ್ಲೂ ಹಿಂಗೇ ಆಗುತ್ತೆ. ಜ್ವರಕ್ಕೆ ಔಷಧಿ ಕೊಡ್ತಾ ಇರ್ತೀವಿ, ಕೀವು ಎಲ್ಲೋ ಇರುತ್ತೆ," ಎಂದರು. ಟೆಕ್ನೀಷಿಯನ್ ಕಡೆ ತಿರುಗಿ, "ಕವಚ ಬಿಚ್ಚಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದು ದೊಡ್ಡದು," ಎಂದರು. ಅವರು ತಲೆ ತಗ್ಗಿಸಿ ನಕ್ಕರು.

ಚೀಲ ಪರದೇಶದಿಂದ ಬರಬೇಕಿತ್ತು. ಬರುವುದು ತಡವಾಯಿತು. ಅಲ್ಲಿಯವರೆಗೂ ಡಾಕ್ಟರಮ್ಮ ವ್ಯಾನಿನ ಹಾಸಿಗೆಯ ಮೇಲೆ ಮಲಗಿಕೊಂಡೇ ಸೋಲೂರಿಗೆ ಹೋಗಿಬಂದರು. ಮೊದಲ ಮಂಗಳವಾರ ವ್ಯಾನಿನ ಹಿಂದಿನ ಬಾಗಿಲು ತೆಗೆದಾಗ, ಕ್ಲಿನಿಕ್ಕಿನ ಜಗಲಿಯಲ್ಲಿ ಕಾಯುತ್ತಿದ್ದ ಬಸುರಿಯರೆಲ್ಲ ಎದ್ದು ನಿಂತರು. ಸೊಸೆಯನ್ನು ಕರೆತಂದಿದ್ದ ಅಜ್ಜಿಯೊಬ್ಬಳು ಬಗ್ಗಿ ನೋಡಿ, "ಅಯ್ಯೋ ಸಿವನೇ! ಏನ್ ಡಾಕ್ಟ್ರಮ್ಮ, ನೀವೇ ಪೇಸೆಂಟ್ ಆಗ್ಬುಟ್ರಾ?" ಎಂದಳು.

"ಹೂಂ ಕಣಜ್ಜಿ. ಒಸಿ ಕೈ ಕೊಡು, ಎದ್ದೇಳ್ತೀನಿ. ಆಮೇಲೆ ನಿನ್ ಸೊಸೇನ ನೋಡ್ತೀನಿ," ಎಂದರು ಇವರು. ಅಜ್ಜಿ ಕೈಕೊಟ್ಟು ಎಬ್ಬಿಸಿದಳು. ಆವತ್ತು ಸಾಲು ಮುಗಿಯುವವರೆಗೂ ಡಾಕ್ಟರಮ್ಮ ನಿಂತುಕೊಂಡೇ ಎಲ್ಲರನ್ನೂ ನೋಡಿದರು, ಕೂತರೆ ಮತ್ತೆ ಏಳುವುದು ಕಷ್ಟ ಎಂದು. ಕಾರು ಬರಲಿ, ಬರದೇ ಇರಲಿ, ಈ ಹೆಂಗಸು ಬರುವುದನ್ನು ನಿಲ್ಲಿಸುವವರಲ್ಲ ಎಂದು ನನಗೆ ಆವತ್ತು ಗೊತ್ತಾಯಿತು. ಕಾರು ಬರಲಿ ಎಂದು ಅಷ್ಟು ಆಸೆಪಟ್ಟದ್ದೂ ಆವತ್ತೇ.

ಕೊನೆಗೊಂದು ದಿನ ಟೆಕ್ನೀಷಿಯನ್ ಫೋನ್ ಮಾಡಿದರು. ಚೀಲ ಬಂದಿದೆ, ಹಾಕಿದ್ದಾಗಿದೆ, ಹೊಸ ಕವಚವೂ ಆಗಿದೆ, ಕಾರನ್ನು ಲಿಫ್ಟಿನ ಮೇಲೆ ಅಲ್ಲ, ನೆಲದ ಮೇಲೆ ದಿನಗಟ್ಟಲೆ ನಿಲ್ಲಿಸಿ ನೋಡಿದ್ದೇವೆ, ಒಂದು ಕೂದಲಿನಷ್ಟೂ ಇಳಿದಿಲ್ಲ ಎಂದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಇದೇ ಥರದ ಬೇರೆ ಕಾರುಗಳೂ ಅವರಲ್ಲಿಗೆ ಬರುತ್ತಿದ್ದವಂತೆ. ಈಗ ಯಾವುದೇ ಬಂದರೂ ಕಂಪ್ಯೂಟರ್ ಏನೇ ಹೇಳಲಿ, ಮೊದಲು ಕಾರನ್ನು ಅದರ ಕಾಲಿನ ಮೇಲೆ ನಿಲ್ಲಿಸಿ ಸೋಪಿನ ನೀರು ಹೊಡೆಯಬೇಕೆಂದು ಮ್ಯಾನೇಜರು ಎಲ್ಲರಿಗೂ ಹೇಳಿದ್ದಾರಂತೆ. "ವರ್ಕ್‌ಶಾಪಲ್ಲಿ ಅದಕ್ಕೆ ಡಾಕ್ಟ್ರಮ್ಮನ ಟೆಸ್ಟು ಅಂತಲೇ ಹೆಸರು," ಎಂದರು.

ಕಾರು ತರಲು ಹೋದ ದಿನ ಮಂಗಳವಾರವಾಗಿತ್ತು. ಮ್ಯಾನೇಜರು ತಾವೂ ಜೊತೆಗೆ ಬರುತ್ತೇನೆ, ನಿಮ್ಮ ರಸ್ತೆಯಲ್ಲೇ ಕಾರು ಹೇಗಿದೆ ನೋಡಬೇಕು ಎಂದರು. "ಬನ್ನಿ. ಆದರೆ ನಾನು ಮೊದಲು ಸೋಲೂರಿಗೆ ಹೋಗಬೇಕು," ಎಂದರು ಡಾಕ್ಟರಮ್ಮ. ಮ್ಯಾನೇಜರು ಮುಂದೆ ನನ್ನ ಪಕ್ಕ ಕೂತರು.

ಮಾಗಡಿ ದಾಟಿದ ಮೇಲೆ ರಸ್ತೆ ಕಿತ್ತುಹೋಗಿದ್ದ ಜಾಗಗಳು ಬಂದವು. ನಾನು ಬೇಕೆಂದೇ ಯಾವ ಹಳ್ಳವನ್ನೂ ತಪ್ಪಿಸಲಿಲ್ಲ. ಚಕ್ರಗಳು ಇಳಿದು ಹತ್ತುವುದು ಕೆಳಗೆಲ್ಲೋ ಕೇಳಿಸುತ್ತಿತ್ತು. ಒಳಗೆ ಕೂತವರಿಗೆ ದೋಣಿಯಲ್ಲಿ ಹೋದ ಹಾಗೆ. ಕನ್ನಡಿಯಲ್ಲಿ ನೋಡಿದೆ. ಡಾಕ್ಟರಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು. ಕೈಗಳು ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು.

ಸೋಲೂರಿನಲ್ಲಿ ಜಗಲಿ ತುಂಬಿತ್ತು. ಡಾಕ್ಟರಮ್ಮ ಒಳಗೆ ಹೋದರು. ಮ್ಯಾನೇಜರು ಕಾರಿನ ಪಕ್ಕ ನಿಂತು ನೋಡುತ್ತಿದ್ದರು. ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಬಂದ ಹುಡುಗಿಯರು, ಹೊಲದಿಂದ ಹಾಗೇ ಬಂದವರು, ಟಿವಿಎಸ್ ಗಾಡಿಯ ಹಿಂದೆ ಗಂಡನ ಹೆಗಲು ಹಿಡಿದು ಬಂದ ತುಂಬು ಬಸುರಿ. ಒಳಗೆ ಹೋಗಬೇಕಾದ ಒಬ್ಬಳು ಎತ್ತಿಕೊಂಡಿದ್ದ ಕೂಸನ್ನು ಏನು ಮಾಡುವುದೆಂದು ತಿಳಿಯದೆ ಅತ್ತಿತ್ತ ನೋಡಿ, "ಅಣ್ಣ, ಒಸಿ ಇಡ್ಕಳಿ, ಬಂದ್ಬುಡ್ತೀನಿ," ಎಂದು ಮ್ಯಾನೇಜರ್ ಕೈಗೇ ಕೊಟ್ಟು ಹೋದಳು. ಅವರು ಆ ಕೂಸನ್ನು ಎತ್ತಿಕೊಂಡು, ಅದು ಅಳತೊಡಗಿದಾಗ ಕಾರಿನ ಸುತ್ತ ಸುತ್ತು ಹಾಕುತ್ತ, ಅದಕ್ಕೆ ಲೈಟು ತೋರಿಸುತ್ತ, ಕನ್ನಡಿ ತೋರಿಸುತ್ತ ಇದ್ದರು. ಜೇಬಿನಲ್ಲಿ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ.

ವಾಪಸ್ಸು ಬರುವಾಗ ಮಾಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಇಳಿಯುತ್ತ ಮ್ಯಾನೇಜರು ಹಿಂದಕ್ಕೆ ತಿರುಗಿದರು. ಅಲ್ಲಿಂದ ಬಸ್ಸಿನಲ್ಲಿ ಹೋಗುತ್ತೇನೆ ಎಂದು ಅವರೇ ಹಟ ಹಿಡಿದಿದ್ದರು.

"ಮೇಡಂ, ಇನ್ಮೇಲೆ ಸರ್ವಿಸಿಗೆ ಅಂತ ನೀವು ಅಷ್ಟು ದೂರ ಬರಬೇಡಿ. ನಮ್ಮವರೇ ಬಂದು ಗಾಡಿ ತಗೊಂಡು ಹೋಗ್ತಾರೆ. ಬೇರೆ ಗಾಡಿ ಕೊಟ್ಟಿರ್ತೀವಿ. ನಿಮಗೆ ಮಾತ್ರ."

ಡಾಕ್ಟರಮ್ಮ ಕಿಟಕಿಯ ಗಾಜು ಇಳಿಸಿದರು. "ನಿಮ್ಮ ಮನಸ್ಸು ದೊಡ್ಡದು. ಆದರೆ ನನಗೊಬ್ಬಳಿಗೆ ಬೇರೆ ಥರ ಮಾಡಬೇಡಿ," ಎಂದರು. "ಎಲ್ಲರಿಗೂ ಏನು ಮಾಡ್ತೀರೋ ಅದನ್ನೇ ನನಗೂ ಮಾಡಿ. ಎಲ್ಲರಿಗೂ ಚೆನ್ನಾಗಿ ಮಾಡಿ."

ಮ್ಯಾನೇಜರು ಕೈ ಮುಗಿದರು. ಬಸ್ಸುಗಳ ಗದ್ದಲದ ನಡುವೆ, ಹೆಗಲ ಮೇಲೆ ಕೂಸು ಜೊಲ್ಲು ಸುರಿಸಿದ್ದ ಕಲೆಯ ಅಂಗಿಯಲ್ಲೇ ನಿಂತಿದ್ದರು.

ನಾನೂ ಅವರನ್ನೇ ನೋಡುತ್ತ ಕೂತುಬಿಟ್ಟಿದ್ದೆ. ಹಿಂದಿನಿಂದ ಡಾಕ್ಟರಮ್ಮ ನನ್ನ ಸೀಟಿನ ಬೆನ್ನು ತಟ್ಟಿದರು.

"ಏನ್ ನೋಡ್ತಾ ಕೂತೆ? ಹೊರಡಪ್ಪ. ವಾರ್ಡಲ್ಲಿ ಇಬ್ರು ನೋವು ತಿಂತಾವ್ರೆ."